ಸಿಲ್ವರ್ ಕಟಿಂಗ್‌ನಲ್ಲಿ ಕಾಲು ಹೋಯಿತು. ಮೇಸ್ತ್ರಿ, ವ್ಯಾಪಾರಿ, ತೋಟದವರು: ಯಾರನ್ನು ಕೇಳುವುದು?

ಆಲ್ದೂರು ಮಳೆ

ಮಲೆನಾಡು, ಕೊಡಗಿನ ಕಡೆಯವರು ಮತ್ತು ಕಾನೂನು ಗೊತ್ತಿರುವವರು ದಯವಿಟ್ಟು ಓದಿ.

ನಮ್ಮ ಪಕ್ಕದ ಮನೆಯ ಹುಡುಗ. ಹುಡುಗ ಅನ್ನುವುದು ಅಭ್ಯಾಸ ಅಷ್ಟೇ, 35 ವರ್ಷ, ಇಬ್ಬರು ಮಕ್ಕಳು. ಮೆಷಿನ್ (ಸರಪಳಿ ಗರಗಸ) ಹಿಡಿದು ಮರ ಕೊಯ್ಯುವ ಕೆಲಸ. 2025ರ ಏಪ್ರಿಲ್‌ನಲ್ಲಿ ಒಂದು ಕಾಫಿ ತೋಟದಲ್ಲಿ ಸಿಲ್ವರ್ ಕಟಿಂಗ್, ಅಂದರೆ ಸಿಲ್ವರ್ ಓಕ್ ಮರ ಕಡಿಯುವ ಕೆಲಸ, ನಡೆಯುತ್ತಿತ್ತು. ಕೊಯ್ದ ಮರ ನೆಲಕ್ಕೆ ಬೀಳದೆ ಪಕ್ಕದ ಹಲಸಿನ ಕವಲಿಗೆ ಸಿಕ್ಕಿಕೊಂಡಿತು. ಬುಡದಿಂದ ಒಂದು ತುಂಡು ತೆಗೆದರೆ ಇಳಿಯುತ್ತದೆ ಅಂತ ಇವನು ಮತ್ತೆ ಮೆಷಿನ್ ಹಾಕಿದ. ಬುಡ ಜಾರಿ ಇಳಿಜಾರಿನಲ್ಲಿ ಇವನ ಎಡಗಾಲಿನ ಮೇಲೆಯೇ ಬಂತು. ಮಂಗಳೂರಿಗೆ ಕರೆದುಕೊಂಡು ಹೋದರು. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಮೇಸ್ತ್ರಿ 40,000 ಕೊಟ್ಟು ಕೈ ಮುಗಿದ. ಮರದ ವ್ಯಾಪಾರಿ "ನಾನು ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದೆ" ಅನ್ನುತ್ತಾನೆ. ತೋಟದವರು "ನಾವು ಮರ ಮಾರಿ ಆಗಿತ್ತು" ಅನ್ನುತ್ತಾರೆ. ಹಾಜರಿ ಪುಸ್ತಕ ಇಲ್ಲ. ಇನ್ನೂ ಕೆಟ್ಟದ್ದು ಏನೆಂದರೆ, ಆಸ್ಪತ್ರೆಯ ಚೀಟಿಯಲ್ಲಿ "ಮನೆ ಹತ್ತಿರ ಸೌದೆ ಒಡೆಯುವಾಗ" ಅಂತ ಬರೆದಿದೆ. ಜೊತೆಗೆ ಹೋದವನು ಮೇಸ್ತ್ರಿಯ ಕಡೆಯವನು, ಅವನೇ ಹಾಗೆ ಹೇಳಿದ್ದು. ಇವನಿಗೆ ಆಗ ಪ್ರಜ್ಞೆ ಇರಲಿಲ್ಲ.

ಏನಾದರೂ ದಾರಿ ಇದೆಯಾ?

ಗರಗಸದ ಕೈ

ಸಿಕ್ಕಿಕೊಂಡ ಮರ. ಇದನ್ನು ಓದಿದ ಕೂಡಲೇ ಮುಂದಿನದು ಗೊತ್ತಾಯಿತು. ಮೆಷಿನ್ ಕೆಲಸದಲ್ಲಿ ಹೊಸಬರು ಸರಪಳಿಗೆ ಹೆದರುತ್ತಾರೆ, ಹಳಬರು ಸಿಕ್ಕಿಕೊಂಡ ಮರಕ್ಕೆ ಹೆದರುತ್ತಾರೆ.

ಬುಡದಿಂದ ತುಂಡು ತೆಗೆಯುತ್ತಾ ಹೋದರೆ ಮರ ನೆಟ್ಟಗಾಗುತ್ತಾ ಬರುತ್ತದೆ. ಯಾವ ತುಂಡಿಗೆ ಜಾರುತ್ತದೆ, ಯಾವ ಕಡೆ ಜಾರುತ್ತದೆ ಯಾರಿಗೂ ಗೊತ್ತಾಗಲ್ಲ. ಅದರ ಕೆಳಗೆ ಹೋಗಬಾರದು. ಅದನ್ನು ಹಿಡಿದಿರುವ ಮರವನ್ನು ಕೊಯ್ಯಬಾರದು. ಇನ್ನೊಂದು ಮರವನ್ನು ಅದರ ಮೇಲೆ ಬೀಳಿಸಬಾರದು. ದೂರದಿಂದ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕಿ ಬುಡವನ್ನು ಹಿಂದಕ್ಕೆ ಎಳೆಯಬೇಕು. ಅದಾಗದಿದ್ದರೆ ಆ ಜಾಗಕ್ಕೆ ಹಗ್ಗ ಕಟ್ಟಿ, ಯಾರೂ ಬಾರದ ಹಾಗೆ ಮಾಡಿ, ಬಿಟ್ಟು ಬರಬೇಕು. ಇದೆಲ್ಲ ನಮಗೂ ಗೊತ್ತು. ಆದರೆ ವಿಂಚ್ ತರಿಸುವುದಕ್ಕೆ ಅರ್ಧ ದಿನ ಹೋಗುತ್ತದೆ. ನಮಗೆ ಕೂಲಿ ಟನ್ ಲೆಕ್ಕದಲ್ಲಿ. ಆ ಅರ್ಧ ದಿನದ ದುಡ್ಡು ಯಾರು ಕೊಡುತ್ತಾರೆ?

ತೋಟದಲ್ಲಿ ಇನ್ನೊಂದು ಕಷ್ಟ ಇದೆ. ಕೆಳಗೆ ಕಾಫಿ ಗಿಡ, ಪಕ್ಕದ ಮರಕ್ಕೆ ಮೆಣಸಿನ ಬಳ್ಳಿ. ಗಿಡ ಮುರಿದರೆ ಬೈಗುಳ. ಅದಕ್ಕೆ ಮರ ತಾನಾಗಿ ವಾಲಿದ ಕಡೆ ಬಿಡದೆ, ಎರಡು ಸಾಲಿನ ಮಧ್ಯೆ ಹಗ್ಗದಲ್ಲಿ ಎಳೆದು ಬೀಳಿಸುತ್ತೇವೆ. ಹಗ್ಗ ಹಿಡಿದವರು ಮರದ ಎರಡರಷ್ಟು ಉದ್ದ ದೂರ ಇರಬೇಕು. ಹಗ್ಗವೇ ಅಷ್ಟು ಉದ್ದ ಇರುವುದಿಲ್ಲ!

ಹನ್ನೆರಡು ಎಕರೆ

ತೋಟದವರ ಪರವಾಗಿ ನಾನೂ ಒಂದು ಮಾತು ಹೇಳುತ್ತೇನೆ, ಬೈಯಬೇಡಿ. ನಾನು ಸಣ್ಣ ಬೆಳೆಗಾರ. ಮರ ನಿಂತಿರುವಾಗಲೇ ವ್ಯಾಪಾರಿ ಬಂದು ನೋಡಿ, ಬೆಲೆ ಕಟ್ಟಿ, ಅಡ್ವಾನ್ಸ್ ಕೊಟ್ಟು ಹೋಗುತ್ತಾನೆ. ಆಮೇಲೆ ಯಾರು ಬರುತ್ತಾರೆ, ಎಷ್ಟು ಜನ ಬರುತ್ತಾರೆ, ಎಲ್ಲಿಯವರು, ನನಗೆ ಗೊತ್ತೇ ಇರುವುದಿಲ್ಲ. ಒಂದು ದಿನ ಬೆಳಿಗ್ಗೆ ಪಿಕಪ್ ಬಂದು ನಿಂತಿರುತ್ತದೆ. ಹೆಲ್ಮೆಟ್ ಹಾಕಿ ಅಂದರೆ ನಗುತ್ತಾರೆ. ಕೆಲವರು ಬೆಳಿಗ್ಗೆಯೇ ಸ್ವಲ್ಪ ಹಾಕಿಕೊಂಡು ಬಂದಿರುತ್ತಾರೆ. ಎಲ್ಲದಕ್ಕೂ ತೋಟದ ಮಾಲೀಕನೇ ಹೊಣೆ ಅಂದರೆ ಹೇಗೆ?

ಗರಗಸದ ಕೈ

ಹೆಲ್ಮೆಟ್ ನೀವು ಕೊಟ್ಟಿದ್ದಿರಾ ಸಾರ್, ಅಥವಾ ಹಾಕಿ ಅಂತ ಹೇಳಿದ್ದು ಮಾತ್ರವಾ?

ಕೋರ್ಟು ಕಡತ

ಜಗಳ ಆಮೇಲೆ ಆಡಿ. ಮೊದಲು ಮಳೆಯವರ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಚಿಕ್ಕಮಗಳೂರು, ಹಾಸನ ಭಾಗದಲ್ಲಿ ಇಂಥ ಕೇಸು ನೋಡುವ ವಕೀಲ ನಾನು.

ದಾರಿ ಇದೆ. ಅಪಘಾತ ಏಪ್ರಿಲ್ 2025ರಲ್ಲಿ ಆಗಿರುವುದರಿಂದ 1923ರ ನೌಕರರ ಪರಿಹಾರ ಕಾಯ್ದೆ ಅನ್ವಯಿಸುತ್ತದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಆದರೆ ನಿಮ್ಮದು ಅದಕ್ಕಿಂತ ಮೊದಲಿನದು. ಹಳೆಯ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಮರ ಕಡಿಯುವುದು, ನೀರಿನ ದಾರಿಯಲ್ಲಿ ನಾಟಾ ಸಾಗಿಸುವುದು, ಕಾಡಿನ ಬೆಂಕಿ ಆರಿಸುವುದು ಎಲ್ಲಾ ಹೆಸರು ಹಿಡಿದು ಇದೆ. "ಅವನು ದಿನಗೂಲಿ, ಪರ್ಮನೆಂಟ್ ಅಲ್ಲ" ಎನ್ನುವ ನೆಪ 2000ದ ತಿದ್ದುಪಡಿಯ ನಂತರ ನಡೆಯುವುದಿಲ್ಲ.

ಈಗ ಯಾರ ಮೇಲೆ ಹಾಕುವುದು? ಸೆಕ್ಷನ್ 12 ಓದಿ. ಒಬ್ಬ ತನ್ನ ವ್ಯಾಪಾರದ ಕೆಲಸವನ್ನೇ ಗುತ್ತಿಗೆದಾರನ ಕೈಲಿ ಮಾಡಿಸಿದರೆ, ಗುತ್ತಿಗೆದಾರನ ಆಳಿಗೂ ಅವನೇ ಪರಿಹಾರ ಕೊಡಬೇಕು. ಕೊಟ್ಟ ಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಕಾಫಿ ಬೆಳೆಯುವವನು "ಮರ ಕಡಿಯುವುದು ನನ್ನ ದಂಧೆ ಅಲ್ಲ" ಎಂದು ವಾದಿಸಬಹುದು, ಒಮ್ಮೊಮ್ಮೆ ಗೆಲ್ಲಲೂಬಹುದು. ಮರದ ವ್ಯಾಪಾರಿ ಹಾಗೆ ಹೇಳುವ ಹಾಗಿಲ್ಲ. ಮರ ಕಡಿಸುವುದೇ ಅವನ ದಂಧೆ. "ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದೆ" ಅಂತ ಅವನು ಹೇಳಿದ್ದಾನಲ್ಲ, ಆ ಒಂದು ಮಾತಿನಿಂದಲೇ ಸೆಕ್ಷನ್ 12ರ ಒಳಗೆ ಬರುತ್ತಾನೆ. ಅರ್ಜಿಯಲ್ಲಿ ಮೂವರನ್ನೂ ಸೇರಿಸಿ.

ಲೆಕ್ಕ ಹೀಗೆ. ಕೂಲಿ ಎಷ್ಟೇ ಇದ್ದರೂ ತಿಂಗಳಿಗೆ 15,000ಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. 2020ರ ಜನವರಿಯಲ್ಲಿ 8,000ದಿಂದ ಅಷ್ಟಕ್ಕೆ ಏರಿಸಿದ್ದು. ಪೂರ್ತಿ ದುಡಿಮೆ ಹೋದರೆ ಅದರ ಶೇ 60, ಅಂದರೆ 9,000. ಅದನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 35 ವರ್ಷಕ್ಕೆ 197.06. ಒಟ್ಟು 17,73,540 ರೂಪಾಯಿ. ಜೊತೆಗೆ ಆಸ್ಪತ್ರೆಯ ಖರ್ಚು ಬೇರೆ. ಒಂದು ತಿಂಗಳಲ್ಲಿ ಕೊಡದಿದ್ದರೆ ಶೇ 12 ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ ಶೇ 50ರವರೆಗೆ ದಂಡ.

"ಒಂದು ಕಾಲು ತಾನೇ ಹೋಗಿದ್ದು, ಪೂರ್ತಿ ಹೇಗೆ" ಅಂತ ಎದುರಿನವರು ಕೇಳುತ್ತಾರೆ. ಅನುಸೂಚಿಯಲ್ಲಿ ಕಾಲನ್ನು ಎಲ್ಲಿ ಕತ್ತರಿಸಿದ್ದಾರೆ ಎನ್ನುವುದರ ಮೇಲೆ ಶೇಕಡಾವಾರು ಇದೆ ನಿಜ. ಆದರೆ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎಡಗೈ ಕಳೆದುಕೊಂಡ ಬಡಗಿಗೆ ಪೂರ್ತಿ ಪರಿಹಾರ ಎತ್ತಿ ಹಿಡಿದಿದೆ. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಅಷ್ಟೇ ಕಾರಣ. ಇಳಿಜಾರಿನಲ್ಲಿ ಮೆಷಿನ್ ಹಿಡಿದು ಮರ ಕೊಯ್ಯುವವನಿಗೆ ಒಂದು ಕಾಲು ಹೋದರೆ ಇದೇ ವಾದ ಮಾಡಬೇಕು.

ಎರಡು ವರ್ಷದ ಗಡುವು ದಾಟಿಸಬೇಡಿ. ಆ 40,000ಕ್ಕೆ ಖಾಲಿ ಹಾಳೆ ಅಥವಾ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದಾರಾ?

ಆಲ್ದೂರು ಮಳೆ

ಅವನ ಹೆಂಡತಿಯಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರಂತೆ. "ಎಲ್ಲಾ ಮುಗಿಯಿತು" ಅಂತ ಬರೆದಿದೆಯಂತೆ.

ಕೋರ್ಟು ಕಡತ

ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಕ್ಕು ಬಿಟ್ಟುಕೊಡುವ ಒಪ್ಪಂದ ಈ ಕಾಯ್ದೆಯಲ್ಲಿ ಅಸಿಂಧು, ಸೆಕ್ಷನ್ 17. ನನಗೆ ಚಿಂತೆ ಇರುವುದು ಆ ಸೌದೆಯ ಕಥೆ ಬಗ್ಗೆ. ಅವನು ಆ ದಿನ ಅಲ್ಲಿ, ಇವರ ಕೆಲಸದಲ್ಲಿ ಇದ್ದ ಅಂತ ತೋರಿಸಲು ಏನಿದೆ?

ರೈಟರ್ ಮಾವ

ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿ ರಿಟೈರ್ ಆದವನು ನಾನು. ಸಿಲ್ವರ್ ಕಟಿಂಗ್‌ನಲ್ಲಿ ಕಾಗದ ಯಾಕೆ ಇರುವುದಿಲ್ಲ ಗೊತ್ತಾ? ಬೀಟೆ, ತೇಗ ಕಡಿಯಬೇಕಾದರೆ ಅರಣ್ಯ ಇಲಾಖೆಯ ಪರ್ಮಿಶನ್ ಬೇಕು, ಪಾಸ್ ಬೇಕು, ಪ್ರತಿ ದಿಮ್ಮಿಗೆ ನಂಬರ್ ಹೊಡೆಯುತ್ತಾರೆ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್‌ಗೆ ವಿನಾಯಿತಿ ಇದೆ. ಬೆಳೆಗಾರರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು, ಅನುಕೂಲ ಆಗಿದೆ ಕೂಡ. ಆದರೆ ಮರಕ್ಕೇ ಲೆಕ್ಕ ಇಲ್ಲ ಅಂದ ಮೇಲೆ ಕಡಿದವನ ಲೆಕ್ಕ ಯಾರು ಇಡುತ್ತಾರೆ? ನಮ್ಮ ಕಾಯಂ ಆಳುಗಳ ಹೆಸರು ಹಾಜರಿ ಪುಸ್ತಕದಲ್ಲಿ, ಅಂದರೆ ಚೆಕ್‌ರೋಲ್‌ನಲ್ಲಿ ಇರುತ್ತಿತ್ತು. ಕಟಿಂಗ್‌ನವರ ಹೆಸರು ನಾನು ಯಾವತ್ತೂ ಬರೆದಿಲ್ಲ. ಬರೆಯಬೇಡ ಅಂತಲೇ ಹೇಳುತ್ತಿದ್ದರು.

ಆದರೂ ಕಾಗದ ಎಲ್ಲೋ ಹುಟ್ಟಿಯೇ ಹುಟ್ಟುತ್ತದೆ. ಲಾರಿ ತೂಕ ಆಗದೆ ಹೋಗುವುದಿಲ್ಲ. ವೇ ಬ್ರಿಡ್ಜ್ ಚೀಟಿಯಲ್ಲಿ ದಿನಾಂಕ, ಲಾರಿ ನಂಬರ್ ಇರುತ್ತದೆ. ಪ್ಲೈವುಡ್ ಫ್ಯಾಕ್ಟರಿಗೆ ಹೋದರೆ ಬಿಲ್ ಇರುತ್ತದೆ. ಮೇಸ್ತ್ರಿ ವಾರದ ಬಟವಾಡೆ ಫೋನ್‌ಪೇಯಲ್ಲಿ ಹಾಕಿದ್ದರೆ ಬ್ಯಾಂಕಿನಲ್ಲಿ ದಾಖಲೆ ಸಿಗುತ್ತದೆ. ಅವತ್ತು ಆಂಬುಲೆನ್ಸ್ 108 ಬಂದಿತ್ತಾ? ಬಂದಿದ್ದರೆ ಎಲ್ಲಿಂದ ಎತ್ತಿಕೊಂಡರು ಅಂತ ಅವರ ಹತ್ತಿರ ಇರುತ್ತದೆ. ಸೌದೆ ಒಡೆಯುವವನನ್ನು ತೋಟದ ಗೇಟಿನಿಂದ ಯಾಕೆ ಎತ್ತಿಕೊಂಡರು ಅಂತ ಕೇಳಬಹುದಲ್ವಾ?

ಹೊಸನಗರ ಸಿಸ್ಟರ್

ಇಪ್ಪತ್ತು ವರ್ಷಕ್ಕೂ ಜಾಸ್ತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಗಾಯಗೊಂಡವರ ಜೊತೆ ಬರುವವರು ಏನು ಹೇಳುತ್ತಾರೋ ಅದನ್ನೇ ನಾವು ಬರೆಯುತ್ತೇವೆ. ಕೆಲಸದ ಜಾಗದಲ್ಲಿ ಆಯಿತು ಅಂದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಅದಕ್ಕೇ ಸೌದೆ, ಬಾತ್‌ರೂಮ್, ಹಟ್ಟಿ. ತೊಡೆಗೆ ಸರಪಳಿ ಕೊಯ್ದ ಗಾಯವನ್ನೂ ಬಾತ್‌ರೂಮಿನಲ್ಲಿ ಜಾರಿದ್ದು ಅಂತ ಬರೆಸಿದವರನ್ನು ಕಂಡಿದ್ದೇನೆ. ಡಾಕ್ಟರಿಗೂ ಗೊತ್ತಾಗುತ್ತದೆ, ರಾತ್ರಿ ಎರಡು ಗಂಟೆಗೆ ಯಾರು ವಾದ ಮಾಡುತ್ತಾರೆ?

ಮನೆಯವರಿಗೆ ಒಂದೇ ಮಾತು. ರೋಗಿಗೆ ಎಚ್ಚರ ಬಂದ ಕೂಡಲೇ ಅವನ ಬಾಯಿಂದಲೇ ಇನ್ನೊಮ್ಮೆ ಹೇಳಿಸಿ, ಕೇಸ್ ಶೀಟಿನಲ್ಲಿ ಬರೆಸಿ. ಮೊದಲ ಆಸ್ಪತ್ರೆ, ಎರಡನೇ ಆಸ್ಪತ್ರೆ, ಎರಡೂ ಕಡೆಯ ದಾಖಲೆ ತೆಗೆದುಕೊಳ್ಳಿ. ಎಷ್ಟೋ ಸಲ ಮೊದಲು ನೋಡಿದ ತಾಲೂಕು ಆಸ್ಪತ್ರೆಯಲ್ಲಿ ನಿಜ ಬರೆದಿರುತ್ತಾರೆ. ಸುಳ್ಳು ಹೊಳೆಯುವುದು ಆಮೇಲೆ.

ಇನ್ನೊಂದು ಸಂಗತಿ. ಕಾಡಿನ ಕೆಲಸದ ಗಾಯ ಅಂದರೆ ಎಲ್ಲರೂ ರಕ್ತ ಬರುವುದನ್ನೇ ನೋಡುತ್ತಾರೆ. ನಮ್ಮ ಕಡೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯೂ ಕೆಲಸದಿಂದಲೇ ಬರುವುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಬೇಸಿಗೆಯಲ್ಲಿ ತರಗೆಲೆ ಗುಡಿಸುವವರು, ಬೆಂಕಿ ರೇಖೆ ತೆಗೆಯುವ ವಾಚರ್‌ಗಳು, ಸೊಪ್ಪು ತರುವ ಹೆಂಗಸರು, ಇವರೇ ಜ್ವರ ಹೊತ್ತುಕೊಂಡು ಬರುತ್ತಾರೆ. 2019ರ ಸುಮಾರಿಗೆ ಸಾಗರದ ಅರಳಗೋಡಿನಲ್ಲಿ ಎಷ್ಟು ಮನೆ ಹಾಳಾಯಿತು ನೆನಪಿದೆಯಾ? ಹಳೆಯ ಲಸಿಕೆಯಿಂದ ಪ್ರಯೋಜನ ಇಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಈಗ ಕೈಯಲ್ಲಿರುವುದು ಉಣುಗು ಹತ್ತಿರ ಬಾರದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ, ಉದ್ದ ತೋಳಿನ ಅಂಗಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ. ಕಾಡಿಗೆ ಹೋದ ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಬೇಡಿ. ಎಲ್ಲಿ ಕೆಲಸಕ್ಕೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಕ್ಯಾಂಪ್ ವಾಚರ್

ಸಿಸ್ಟರ್ ನಮ್ಮನ್ನು ನೆನಪು ಮಾಡಿಕೊಂಡರಲ್ಲ, ಸಂತೋಷ.

ನಾನು ಅರಣ್ಯ ಇಲಾಖೆಯಲ್ಲಿ ಹೊರಗುತ್ತಿಗೆ. ಖಾಸಗಿ ತೋಟದಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಯೂನಿಫಾರ್ಮ್ ಒಂದೇ, ಕಾಡು ಒಂದೇ, ಆನೆಯೂ ಒಂದೇ. ಸಂಬಳ ಕೊಡುವವನು ಏಜೆನ್ಸಿಯವನು. ಏಜೆನ್ಸಿ ಬದಲಾದರೆ ನಾವು ಮತ್ತೆ ಹೊಸಬರು.

ಫೆಬ್ರವರಿ, ಮಾರ್ಚ್ ಬಂದರೆ ಬೆಂಕಿ. ಲಂಟಾನ ಒಣಗಿ ನಿಂತಿರುತ್ತದೆ. ನಾವು ಹಸಿ ಸೊಪ್ಪಿನಿಂದ ಬಡಿಯುತ್ತೇವೆ, ಈಗ ಕೆಲವು ಕಡೆ ಬ್ಲೋವರ್ ಬಂದಿದೆ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುವಷ್ಟು ಜೋರಾಗಿ ಮನುಷ್ಯ ಓಡಲು ಆಗುವುದಿಲ್ಲ. ಅದಕ್ಕೆ ಮೇಲಿನಿಂದ ಎದುರಿಗೆ ಹೋಗಬಾರದು, ಸುಟ್ಟು ಹೋದ ಕಪ್ಪು ಜಾಗದ ಕಡೆಯಿಂದ ಹೋಗಬೇಕು, ಓಡಬೇಕಾದರೂ ಅಲ್ಲಿಗೇ ಓಡಬೇಕು. ಹಳಬರು ಹೇಳಿಕೊಟ್ಟದ್ದು. ಗಾಳಿ ತಿರುಗಿದರೆ ಹಳಬರಿಗೂ ದಾರಿ ಇಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಒಬ್ಬ ಗಾರ್ಡ್ ತೀರಿಹೋದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಕಡೆ ಇನ್ನೊಬ್ಬರು. 2019ರಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಬೆಂಕಿ ಹತ್ತಿದಾಗ ವಾಯುಪಡೆಯ ಹೆಲಿಕಾಪ್ಟರ್ ಬಂತು, ಟೀವಿಯಲ್ಲಿ ಅದೇ ತೋರಿಸಿದರು. ಕೆಳಗೆ ನಮ್ಮವರು ಪಾಲಿಯೆಸ್ಟರ್ ಪ್ಯಾಂಟಿನಲ್ಲಿ ನಿಂತಿದ್ದರು. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ದಪ್ಪ ಹತ್ತಿ ಬಟ್ಟೆ ಕೊಡಿ ಅಂತ ಕೇಳುವುದು ದೊಡ್ಡ ಬೇಡಿಕೆಯಾ?

ಆನೆ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲೂಕಿನಲ್ಲಿ ಗಾಯಗೊಂಡ ಭೀಮ ಆನೆಗೆ ಅರಿವಳಿಕೆ ಕೊಡಲು ಹೋಗಿ ಆನೆ ವೆಂಕಟೇಶ್ ತೀರಿಕೊಂಡರು. ಅವರಷ್ಟು ಆನೆ ಗೊತ್ತಿದ್ದವರು ಕಡಿಮೆ. ಅನುಭವ ಇದ್ದರೆ ಏನೂ ಆಗಲ್ಲ ಅನ್ನುವವರಿಗೆ ಇದನ್ನು ಹೇಳುತ್ತೇನೆ.

ಪ್ರತಿ ವರ್ಷ ಸೆಪ್ಟೆಂಬರ್ 11ಕ್ಕೆ ಅರಣ್ಯ ಹುತಾತ್ಮರ ದಿನ ಮಾಡುತ್ತಾರೆ. ಹೂವು ಇಡುತ್ತಾರೆ. ಕೈ ಸುಟ್ಟುಕೊಂಡು ಬದುಕಿ ಉಳಿದವರಿಗೆ ಯಾವ ದಿನವೂ ಇಲ್ಲ.

ರೊಟೊರುವಾ ಕನ್ನಡಿಗ

ನ್ಯೂಜಿಲೆಂಡಿನಿಂದ. ನಾನು ಮರ ಕಡಿಯುವವನಲ್ಲ, ಒಂದು ಮರದ ಕಂಪನಿಯಲ್ಲಿ ಲೆಕ್ಕ ನೋಡುತ್ತೇನೆ. ಊರು ಕೊಪ್ಪ.

ಇಲ್ಲೂ ಎಲ್ಲಾ ಚೆನ್ನಾಗಿತ್ತು ಅಂದುಕೊಳ್ಳಬೇಡಿ. 2013ರಲ್ಲಿ ಒಂದೇ ವರ್ಷ ಕಾಡಿನ ಕೆಲಸದಲ್ಲಿ 10 ಜನ ಸತ್ತರು. ಇಷ್ಟು ಸಣ್ಣ ದೇಶಕ್ಕೆ ಅದು ದೊಡ್ಡ ಸಂಖ್ಯೆ. 2014ರಲ್ಲಿ ಸ್ವತಂತ್ರ ತನಿಖಾ ವರದಿ ಬಂತು. ಆಮೇಲೆ 2015ರ ಕಾಯ್ದೆಯಲ್ಲಿ, ಗುತ್ತಿಗೆ ಸರಪಳಿಯಲ್ಲಿ ಮೇಲಿರುವವನೂ ಕೆಳಗಿರುವವನೂ ಇಬ್ಬರೂ ಹೊಣೆ, "ಅದು ಗುತ್ತಿಗೆದಾರನ ತಲೆನೋವು" ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ ಅಂತ ಮಾಡಿದರು. ಕಡಿದಾದ ಗುಡ್ಡದಲ್ಲಿ ಈಗ ವಿಂಚಿಗೆ ಕಟ್ಟಿದ ಯಂತ್ರವೇ ಇಳಿದು ಮರ ಕಡಿಯುತ್ತದೆ, ಮನುಷ್ಯ ಕ್ಯಾಬಿನ್ ಒಳಗೆ ಕೂತಿರುತ್ತಾನೆ. ಅದನ್ನು ಮೂಡಿಗೆರೆಯ ಕಾಫಿ ಗಿಡಗಳ ಮಧ್ಯೆ ತರಲು ಆಗುವುದಿಲ್ಲ, ಗೊತ್ತು.

ನನಗೆ ಹೊಟ್ಟೆಕಿಚ್ಚು ಆಗುವುದು ಯಂತ್ರದ ಬಗ್ಗೆ ಅಲ್ಲ. ಇಲ್ಲಿ 1974ರಿಂದ ಯಾರ ತಪ್ಪು ಅಂತ ಕೇಳದೆ ಅಪಘಾತಕ್ಕೆ ಚಿಕಿತ್ಸೆ, ಸಂಬಳದ ಬಹುಪಾಲು ಕೊಡುವ ವ್ಯವಸ್ಥೆ ಇದೆ. ಅದಕ್ಕೆ ಯಾರೂ ಸೌದೆಯ ಕಥೆ ಕಟ್ಟಬೇಕಾಗಿಲ್ಲ.

ಹನ್ನೆರಡು ಎಕರೆ

ಕುಡಿದು ಬರುವವರ ಬಗ್ಗೆ ಯಾರೂ ಮಾತಾಡಲಿಲ್ಲ.

ಕೋರ್ಟು ಕಡತ

ಮಾತಾಡೋಣ. ಕುಡಿದದ್ದೇ ಅಪಘಾತಕ್ಕೆ ನೇರ ಕಾರಣ ಅಂತ ಮಾಲೀಕ ಸಾಬೀತು ಮಾಡಿದರೆ ಭಾಗಶಃ ಅಂಗವೈಕಲ್ಯದವರೆಗಿನ ಗಾಯಕ್ಕೆ ಪರಿಹಾರ ತಪ್ಪುತ್ತದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ ಆ ವಾದ ಕಾಯ್ದೆಯಲ್ಲೇ ಇಲ್ಲ. ಕೊಟ್ಟ ರಕ್ಷಣಾ ಸಾಮಗ್ರಿಯನ್ನು ಬೇಕೆಂದೇ ತೆಗೆದಿಟ್ಟ ಎನ್ನುವ ವಾದಕ್ಕೂ ಇದೇ ಮಿತಿ. ಅದೂ ಮೊದಲು ಕೊಟ್ಟಿರಬೇಕು, ಗರಗಸದ ಕೈ ಕೇಳಿದ ಪ್ರಶ್ನೆ ಅದೇ.

ಗರಗಸದ ಕೈ

ಯಾರೂ ಕೊಡುವುದಿಲ್ಲ ಬಿಡಿ. ಮುಖದ ಜಾಲರಿ, ಕಿವಿ ಮುಚ್ಚುವ ಮಫ್ ಇರುವ ಹೆಲ್ಮೆಟ್ ನಾನು ನನ್ನ ದುಡ್ಡಿನಲ್ಲೇ ತಂದೆ. ಮೆಷಿನ್ ಶಬ್ದ 110 ಡೆಸಿಬಲ್ ಹತ್ತಿರ. ನಮ್ಮ ತಂಡದ ಹಿರಿಯ ಒಬ್ಬನಿಗೆ ಈಗ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ. ಚಳಿಗಾಲದ ಬೆಳಿಗ್ಗೆ ಅವನ ಬೆರಳು ಬಿಳಿಚಿಕೊಂಡು ಜೋಮು ಹಿಡಿಯುತ್ತವೆ, ಮೆಷಿನ್ ನಡುಕದಿಂದ ಬರುವುದು. ಅದನ್ನು ಯಾರೂ ಗಾಯ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಾಲಿಗೆ ಹಾಕುವ ಚಾಪ್ಸ್ ಬಗ್ಗೆ ಹೊಸ ಹುಡುಗರಿಗೆ ಹೇಳುತ್ತೇನೆ. ಒಳಗೆ ಉದ್ದ ನೂಲಿನ ಪದರ ಇರುತ್ತದೆ. ಸರಪಳಿ ತಾಗಿದರೆ ಆ ನೂಲು ಎಳೆದುಕೊಂಡು ಹೋಗಿ ಗಾಲಿಗೆ ಸುತ್ತಿ ಮೆಷಿನ್ ನಿಂತು ಬಿಡುತ್ತದೆ. ತೊಡೆ ಉಳಿಯುತ್ತದೆ, ಚಾಪ್ಸ್ ಹೋಗುತ್ತದೆ. ಸೆಕೆ ಆಗುತ್ತದೆ ಅಂತ ಬಿಡಬೇಡಿ. ಇನ್ನು ಮುಂದಿನ ಕೈ ಗಾರ್ಡ್, ಅಂದರೆ ಚೈನ್ ಬ್ರೇಕ್, ಮುರಿದಿದೆ ಅಂತ ಬಿಚ್ಚಿಟ್ಟ ಮೆಷಿನ್ ಮುಟ್ಟಲೇ ಬೇಡಿ. ಬ್ಲೇಡಿನ ಮೂಗಿನ ಮೇಲಿನ ಭಾಗ ಏನಕ್ಕಾದರೂ ತಾಗಿದರೆ ಮೆಷಿನ್ ಕಣ್ಣು ಮಿಟುಕಿಸುವುದರೊಳಗೆ ಕುತ್ತಿಗೆಗೆ ಬರುತ್ತದೆ. ಅದನ್ನು ನಿಲ್ಲಿಸುವುದು ಆ ಬ್ರೇಕ್ ಒಂದೇ.

ಆದರೂ ಹೇಳುತ್ತೇನೆ, ಮಳೆಯವರ ಹುಡುಗನಿಗೆ ಇದ್ಯಾವುದೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಮರದ ಬುಡಕ್ಕೆ ಚಾಪ್ಸ್ ಯಾವ ಲೆಕ್ಕ? ಟನ್ ಲೆಕ್ಕದ ಕೂಲಿ ಇರುವ ತನಕ ಸಿಕ್ಕಿಕೊಂಡ ಮರದ ಕೆಳಗೆ ಒಬ್ಬ ಹೋಗಿಯೇ ಹೋಗುತ್ತಾನೆ.

ಸೋಮವಾರಪೇಟೆ ಮೆಣಸು

ನಮ್ಮ ಕಡೆ ಮೆಷಿನ್‌ಗಿಂತ ಅಲ್ಯೂಮಿನಿಯಂ ಏಣಿಯದ್ದೇ ಹೆದರಿಕೆ. ಕಪಾತಿಗೆ, ಮೆಣಸು ಕೊಯ್ಲಿಗೆ ಉದ್ದ ಏಣಿ ಎತ್ತಿಕೊಂಡು ಮರದಿಂದ ಮರಕ್ಕೆ ಹೋಗುವಾಗ ಕರೆಂಟ್ ತಂತಿಗೆ ತಾಗುತ್ತದೆ. ಪ್ರತಿ ಸೀಸನ್ ಪೇಪರಿನಲ್ಲಿ ಬರುತ್ತದೆ. ಹಿಡಿದ ಇಬ್ಬರೂ ಹೋಗುತ್ತಾರೆ, ಬಿಡಿಸಲು ಹೋದವನೂ ಹೋಗುತ್ತಾನೆ. ಫೈಬರ್ ಏಣಿ ಸಿಗುತ್ತದೆ, ಭಾರ ಜಾಸ್ತಿ, ಬೆಲೆ ಜಾಸ್ತಿ. ತಂತಿ ಹಾದು ಹೋಗುವ ಸಾಲಿಗಾದರೂ ಅದನ್ನೇ ಇಡಿ. ಏಣಿ ಮಲಗಿಸಿ ಹೊತ್ತುಕೊಂಡು ಹೋಗುವುದಕ್ಕೆ ಖರ್ಚೇ ಇಲ್ಲ.

ಆಲ್ದೂರು ಮಳೆ

ಎಲ್ಲರಿಗೂ ಥ್ಯಾಂಕ್ಸ್. ಸುದ್ದಿ ಹೇಳುತ್ತೇನೆ.

ಸಿಸ್ಟರ್ ಹೇಳಿದ ಹಾಗೆ ಮೊದಲು ನೋಡಿದ ಆಸ್ಪತ್ರೆಗೆ ಹೋಗಿ ಕೇಳಿದೆವು. ಅಲ್ಲಿನ ರಿಜಿಸ್ಟರಿನಲ್ಲಿ "ಮರ ಬಿದ್ದು ಕಾಲಿಗೆ ಪೆಟ್ಟು" ಅಂತಲೇ ಇದೆ! ಸೌದೆ ಕಥೆ ಮಂಗಳೂರಿಗೆ ಹೋಗುವ ದಾರಿಯಲ್ಲಿ ಹುಟ್ಟಿದ್ದು. ಮೇಸ್ತ್ರಿಯ ಫೋನ್‌ಪೇ ದುಡ್ಡು ಪ್ರತಿ ಶನಿವಾರ ಬಂದಿರುವುದು ಪಾಸ್‌ಬುಕ್‌ನಲ್ಲಿದೆ. ಜೊತೆಗಿದ್ದವರಲ್ಲಿ ಇಬ್ಬರು ಅಸ್ಸಾಮಿನವರು ಊರಿಗೆ ಹೋಗಿದ್ದಾರೆ. ಇನ್ನೊಬ್ಬ ಇಲ್ಲೇ ಇದ್ದಾನೆ, ಆದರೆ ಸಾಕ್ಷಿ ಹೇಳಿದರೆ ಮುಂದೆ ಕೆಲಸ ಸಿಗಲ್ಲ ಅಂತ ಹೆದರುತ್ತಿದ್ದಾನೆ. ಅವನದ್ದೂ ತಪ್ಪು ಅನ್ನಲಾರೆ.

ಕೋರ್ಟು ಕಡತ

ಕಾಗದ ಇಷ್ಟಿದ್ದರೆ ಅವನನ್ನು ಒತ್ತಾಯ ಮಾಡಬೇಡಿ. ವ್ಯಾಪಾರಿಯ ಬಿಲ್, ತೂಕದ ಚೀಟಿಗಳನ್ನು ಕೋರ್ಟಿನ ಮೂಲಕ ತರಿಸಬಹುದು. ಹೆಬ್ಬೆಟ್ಟು ಒತ್ತಿದ ಕಾಗದದ ನಕಲನ್ನೂ ಬರೆದು ಕೇಳಿ. ಕೊಟ್ಟರೆ ಇನ್ನೂ ಒಳ್ಳೆಯದು. ಇವನು ತಮ್ಮ ಕೆಲಸವೇ ಮಾಡಿಲ್ಲ ಅಂತ ಅವರು ಹೇಳಿದರೆ, ಹಾಗಿದ್ದರೆ ಪರಿಹಾರ ಮುಗಿಯಿತು ಅಂತ ಯಾಕೆ ಬರೆಸಿಕೊಂಡರು ಎಂದು ನಾವೇ ಕೇಳಬಹುದು.

ಹನ್ನೆರಡು ಎಕರೆ

ನಾನೂ ಒಂದು ಕೆಲಸ ಮಾಡಿದೆ. ಈ ವರ್ಷ ಮರ ಕೊಡುವುದಿತ್ತು. ಇನ್ಶೂರೆನ್ಸ್ ಆಫೀಸಿನಲ್ಲಿ ವಿಚಾರಿಸಿದರೆ ನೌಕರರ ಪರಿಹಾರದ ಪಾಲಿಸಿ ಇದೆ, ಎಷ್ಟು ಆಳು, ಎಷ್ಟು ಕೂಲಿ, ಏನು ಕೆಲಸ ಅಂತ ಹೇಳಿದರೆ ಸಾಕು ಅಂದರು. ವ್ಯಾಪಾರಿಗೆ ಫೋನ್ ಮಾಡಿ, ಕಟಿಂಗ್‌ಗೆ ಬರುವವರ ಹೆಸರಿನ ಪಟ್ಟಿ, ಪಾಲಿಸಿಯ ನಕಲು ಮೊದಲು ತನ್ನಿ, ಆಮೇಲೆ ಮೆಷಿನ್ ಸ್ಟಾರ್ಟ್ ಮಾಡಿ ಅಂದೆ. ನೋಡುತ್ತೇನೆ ಅಂದ. ಹೋದ ವಾರ ಪಕ್ಕದ ತೋಟದಲ್ಲಿ ಅವನ ಲಾರಿ ನಿಂತಿತ್ತು.

ರೈಟರ್ ಮಾವ

ಪಕ್ಕದ ತೋಟದವರ ನಂಬರ್ ನಿಮ್ಮ ಹತ್ತಿರ ಇದೆಯಲ್ಲ?

ಹನ್ನೆರಡು ಎಕರೆ

ಇದೆ. ಭಾನುವಾರ ಬೆಳೆಗಾರರ ಸಂಘದ ಮೀಟಿಂಗ್‌ನಲ್ಲಿ ಅವರೂ ಸಿಗುತ್ತಾರೆ. ಕಡತ ಸಾರ್, ಆ ಸೆಕ್ಷನ್ 12ರ ವಿಷಯ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಕೊಡುತ್ತೀರಾ? ಓದಿ ಹೇಳಿದರೆ ನಂಬುವುದಿಲ್ಲ, ಕಾಗದ ಕೈಗೆ ಕೊಡಬೇಕು.